ಎರಡು ಬಿಳಿ ಪಟ್ಟಿಗಳ ನಡುವೆ

ಮೊನ್ನೆ ಮೊದಲ ಮಳೆ ಬಿದ್ದ ದಿನ ನನ್ನದೇ ಹಳೇ ಪೇಟಿಯ ಮುಚ್ಚಳ ತೆಗೆದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಥಂಡಿ ಹಿಡಿದ ತಿದಿಯ ಬಟ್ಟೆ, ಹಳೇ ಅಂಟು, ಪಿತ್ತಾಳೆ, ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಂತು. ಅದರ ಬೆನ್ನಿಗೇ ಹೋದ ವರ್ಷದ ಮಳೆಗಾಲ ಬಂದು ಎದುರಿಗೆ ಕುಳಿತಿತು. ಆ ಮಳೆಗಾಲದಲ್ಲಿ ನಾನು ಮತ್ತೆ ಮತ್ತೆ ಖಾನಾಪುರಕ್ಕೆ ಹೋಗಿ ಬಂದೆ, ಪಿತ್ತಾಳೆಯ ಒಂದು ಸಣ್ಣ ನಾಲಿಗೆಯನ್ನು ಕೂದಲೆಳೆಯಷ್ಟು ತಿಕ್ಕಿದೆ, ನಲವತ್ತಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸುಳ್ಳೊಂದನ್ನು ನಾಲ್ಕು ಜನರ ಮುಂದೆ ಹೊರಗೆ ಹಾಕಿದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಮಳೆಗಾಲ ಇನ್ನೊಂದಿಲ್ಲ.

ನನಗೀಗ ಎಪ್ಪತ್ತೊಂದು. ಓದಿದ್ದು ಹತ್ತನೇ ಇಯತ್ತೆ. ಬೆಳಗಾವಿಯ ಶಹಾಪುರದಲ್ಲಿ ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಪೇಟಿ ದುರಸ್ತಿ ಮಾಡುತ್ತೇನೆ, ಭಜನೆಗಳಲ್ಲಿ ಪೇಟಿ ಬಾರಿಸುತ್ತೇನೆ. ಪದಗಳಿಗೆ ನಾನು ಕೂಡಿಸುವ ಚಾಲಿಗೆ, ಅಂದರೆ ಧಾಟಿಗೆ, ಊರಲ್ಲಿ ಒಂದಿಷ್ಟು ಹೆಸರಿದೆ. ಕೋಟೆಯ ಕಡೆ ಭಜನೆಯಾಗಲಿ, ಕಾಕತಿಯಲ್ಲಾಗಲಿ, ಮುಗಿದ ಮೇಲೆ ಚಹಾ ಕುಡಿಯುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, "ಮಾಸ್ತರ, ನಿಮ್ಮ ಕೈಯಾಗ ಈ ರುಚಿ ಎಲ್ಲಿಂದ ಬಂತ್ರಿ? ಯಾರ ಹಾಡು ಕೇಳಿ ಬೆಳದ್ರಿ?" ನಾನು ಕಣ್ಣು ಮುಚ್ಚಿ, ಕಿವಿ ಮುಟ್ಟಿಕೊಂಡು, ದೊಡ್ಡ ದೊಡ್ಡ ಗವಾಯಿಗಳ ಹೆಸರು ಹೇಳುತ್ತಿದ್ದೆ. ಚಾಲಿಗಳೆಲ್ಲ ಗುರುಗಳ ಪ್ರಸಾದ ಅನ್ನುತ್ತಿದ್ದೆ.

ಅದು ಸುಳ್ಳು. ಗವಾಯಿಗಳನ್ನು ಕೇಳಿದ್ದೇನೆ, ತಲೆದೂಗಿದ್ದೇನೆ, ಮನೆಗೆ ಬಂದು ಮರೆತಿದ್ದೇನೆ. ನನ್ನ ಕಿವಿಯನ್ನು ಮಾಡಿದ್ದು ಏಳು ಹಾಡು. ಅವು ರೇಡಿಯೋದಲ್ಲಿ ಬಂದವಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಖಾನಾಪುರದ ಒಂದು ಹಂಚಿನ ಶೆಡ್ಡಿನಲ್ಲಿ, ಗೋಡೆಯ ಆಚೆ, ನೀಲವ್ವ ಎಂಬ ಹೆಣ್ಣುಮಗಳು ಹಸಿ ಹಂಚು ಮಗುಚುತ್ತ ಹಾಡಿದ ಹಾಡುಗಳು. ಅವನ್ನು ತಂದು ಜೀವನಪೂರ್ತಿ ನನ್ನದೆಂದು ಬಾರಿಸಿದೆ. ಹಾಡಿದವಳ ಬಾಯನ್ನು ಮಾತ್ರ ನಾನೇ ಮುಚ್ಚಿಸಿದ್ದೆ.

ಹೋದ ವರ್ಷ ಜ್ಯೇಷ್ಠದಲ್ಲಿ, ಮಳೆ ಇನ್ನೂ ಹಿಡಿಯುವ ಮೊದಲು, ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಗೊಬ್ಬರದ ಚೀಲದಲ್ಲಿ ಸುತ್ತಿದ ಪೇಟಿ ತಂದು ಅಂಗಡಿಯ ಕಟ್ಟೆಯ ಮೇಲಿಟ್ಟಳು. ಹೆಸರು ಭಾರತಿ. ಖಾನಾಪುರ ದಾಟಿ ಬೀಡಿ ಎಂಬ ಊರಿನ ರಸ್ತೆಯಲ್ಲಿರುವ ಒಂದು ಹಳ್ಳಿಯವಳು. ಅಲ್ಲಿಯ ಹೆಣ್ಣುಮಕ್ಕಳ ಭಜನಾ ಮೇಳಕ್ಕೆ ಪೇಟಿ ಬಾರಿಸುವವಳು ಅವಳೇ.

"ತಿದಿಗೆ ಇಲಿ ಹೊಕ್ಕೈತ್ರಿ ಮಾಸ್ತರ. ಗಾಳಿ ನಿಂದ್ರವಲ್ದು. ಅದಷ್ಟ ಮಾಡಿ ಕೊಡ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಶ್ರಾವಣದ ಕಡೆಯ ಸೋಮವಾರ ಖಾನಾಪುರದ ಮಠದಲ್ಲಿ ತಾಲೂಕಿನ ಮೇಳಗಳೆಲ್ಲ ಕೂಡುತ್ತವೆ, ಈ ಸಲ ತಮ್ಮ ಮೇಳವೂ ಹೋಗುವುದಿದೆ ಅಂದಳು. ನಾನು ಹೂಂ ಅಂದೆ.

ತಿದಿಗೆ ಹೊಸ ಚರ್ಮ ಹಚ್ಚಿದೆ. ಮುಗಿದ ಮೇಲೆ ರೂಢಿಯಂತೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಪಟ್ಟಿ ಒತ್ತುತ್ತ ಬಂದೆ. ನಡುವೆ ಒಂದು ಬಿಳಿ ಪಟ್ಟಿ ಸುರ ಬಿಟ್ಟಿತ್ತು. ಸ್ವಲ್ಪ ಇಳಿದಿತ್ತು. ಬಿಚ್ಚಿ ನೋಡಿದರೆ ಅದರ ರೀಡಿನ ನಾಲಿಗೆಯ ಬುಡದಲ್ಲಿ ಯಾರೋ ಗೀರು ಹಾಕಿ ತಿಕ್ಕಿದ್ದರು. ಪೇಟಿಯ ರೀಡು ಅಂದರೆ ಪಿತ್ತಾಳೆಯ ತೆಳ್ಳನೆಯ ನಾಲಿಗೆ. ತುದಿ ತಿಕ್ಕಿದರೆ ಸುರ ಏರುತ್ತದೆ, ಬುಡ ತಿಕ್ಕಿದರೆ ಇಳಿಯುತ್ತದೆ. ತಿಳಿಯದವರು ಯಾರೋ ಕೈಯಾಡಿಸಿದ್ದಾರೆ ಅಂದುಕೊಂಡೆ. ಬೇರೆ ಏನೂ ಮುಟ್ಟಬೇಡಿ ಅಂದದ್ದು ನೆನಪಿತ್ತು. ಆದರೂ ಕಾನಸು, ಅಂದರೆ ಅರ, ಹಿಡಿದು ತುದಿ ತಿಕ್ಕಿ, ಸುರ ಇರಬೇಕಾದಲ್ಲಿಗೆ ಏರಿಸಿ ಕೂಡಿಸಿದೆ.

ಒಳಗಿನಿಂದ ನನ್ನ ಹೆಂಡತಿ ಶಾಂತಾ ಎಲ್ಲ ಕೇಳಿಸಿಕೊಂಡಿದ್ದಳು. "ಆ ಹೆಣಮಗಳು ತಿದಿ ಒಂದ ಮಾಡ್ರಿ ಅಂದಿದ್ಲು. ಹೇಳಿದಷ್ಟ ಮಾಡಿ ಬಿಟ್ಟಿದ್ದು ನಾ ಒಂದ ದಿನಾನೂ ನೋಡಲಿಲ್ಲ. ಪಲ್ಲೆಕ್ಕ ಉಪ್ಪ ಕಡಿಮಿ ಆಗೇತಿ ಅಂದ್ರ ಒಲಿ ಬಿಚ್ಚಾಕ ಕುಂದರ್ತೀರಿ."

ಭಾರತಿ ಬಂದು ಪೇಟಿ ಒಯ್ದಳು. ಎಂಟು ದಿನಕ್ಕೆ ಅದೇ ಚೀಲ, ಅದೇ ಪೇಟಿ, ತೊಯ್ದು ತೊಪ್ಪೆಯಾದ ಅದೇ ಭಾರತಿ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಕೊಡೆ ಮಡಚದೆಯೇ ಅಂದಳು, "ಮಾಸ್ತರ, ಪೇಟಿ ಕೆಡಿಸಿ ಕೊಟ್ಟೀರಿ."

ನಾನು ನಕ್ಕೆ. "ಕೆಟ್ಟಿದ್ದನ್ನ ನೆಟ್ಟಗ ಮಾಡೀನವ್ವಾ. ಯಾವನೋ ಅಡ್ನಾಡಿ ಬುಡಕ್ಕ ಗೀರ ಹಾಕಿದ್ದ."

"ಆ ಅಡ್ನಾಡಿ ನಾನರಿ," ಅಂದಳು ಅವಳು. "ಉಗುರು ತಿಕ್ಕೂ ಕಾನಸಲೆ ತಿಕ್ಕೀನಿ. ಮದಲ ತುದಿ ತಿಕ್ಕಿದ್ನಿ, ಮ್ಯಾಲ ಹೋತು. ಆಮ್ಯಾಲ ಬುಡ ತಿಕ್ಕಿದ್ನಿ. ಇಷ್ಟ ದಿನಾ, ಒಂದೀಟು ಒಂದೀಟು. ನಮ್ಮತ್ತಿ ಹಾಡಿನ್ಯಾಗ ಒಂದ ಜಾಗಾ ಐತ್ರಿ, ಅಲ್ಲಿ ಈ ಬಿಳೀದು ಹೆಚ್ಚಾಗತೈತಿ, ಬಾಜೂದು ಕಡಿಮಿ ಆಗತೈತಿ. ನಡುವ ಬೇಕಾಗಿತ್ತು. ನಡುವ ಸಿಕ್ಕಿತ್ತು."

"ಹಂಗ ನಡುವ ಇರಾಕ ಬರೂದಿಲ್ಲವ್ವಾ."

"ಇತ್ತಲ್ರಿ. ನಮ್ಮತ್ತಿ ಅದರ ಕೂಡ ಹಾಡಾಕ ಹತ್ತಿದ್ಲು. ನಲವತ್ತ ವರ್ಷ ಆಗಿತ್ತಂತ ಆಕಿ ಪೇಟಿ ಮುಂದ ಬಾಯಿ ತಗದು. ಆವಾಗ ಯಾವನೋ ಪೇಟಿ ಮಾಸ್ತರ ಖಾನಾಪುರದಾಗ ಮಂದ್ಯಾಗ ಸುರ ಬಿಟ್ಟೈತಿ ಅಂತ ಎಬ್ಬಿಸಿ ಕಳಿಸಿದ್ನಂತ. ಈಗ ನೀವು ಮಾಡಿ ಕೊಟ್ಟ ಪೇಟಿ ತಗದು ಬಾರಿಸಿದ್ನಿ, ಅದ ಜಾಗಾಕ್ಕ ಅಡ್ಡ ಬಂತು. ಮತ್ತ ಬಾಯಿ ಮುಚ್ಚ್ಯಾಳ."

ನನ್ನ ಕೈ ತಿದಿಯ ಮೇಲೆಯೇ ನಿಂತಿತು. ಯಾವ ಹಾಡು ಅಂತ ಕೇಳಿದೆ. ಅವಳು ಕೊಡೆಯ ನೀರು ಝಾಡಿಸುತ್ತ, ಹಾಡಲು ಬಾರದವರಂತೆ ಮೆಲ್ಲಗೆ ಅಂದಳು:

ತುಸು ತಡಿ ಮಲಪ್ರಭಿ, ತುಸು ತಡಿ,
ತವರಿನ ಬುತ್ತಿ ಇನ್ನೂ ಬಿಸಿ ಐತಿ.

"ಬಿಸಿ ಅನ್ನೂ ಕಡೆ ನೋಡ್ರಿ," ಅಂದಳು. ನನಗೆ ನೋಡುವುದು ಬೇಕಿರಲಿಲ್ಲ.

ಆ ಮಾಸ್ತರ ನಾನೇ ಎಂದು ಹೇಳುವ ಧೈರ್ಯ ಆ ಹೊತ್ತಿಗೆ ಬರಲಿಲ್ಲ. "ನಾನ ನಿಮ್ಮೂರಿಗೆ ಬರ್ತೀನಿ. ಅವರು ಹಾಡಿದಂಗ ಅಲ್ಲೇ ಕುಂತು ಸರಿ ಮಾಡ್ತೀನಿ," ಅಂದೆ.

"ಬರ್ರಿ. ಶ್ರಾವಣ ಮುಗಿಯೂದ್ರಾಗ ಬರ್ರಿ. ಆದ್ರ ಆಕಿ ಹಾಡತಾಳು ಬಿಡತಾಳು ನಾ ಹೇಳಾಕ ಆಗೂದಿಲ್ಲ."

ಅವಳು ಹೋದ ಮೇಲೆ ಟ್ರಂಕಿನ ತಳದಿಂದ ಒಂದು ಹಳೇ ಶಾಲಾ ನೋಟಬುಕ್ ತೆಗೆದೆ.

ನನಗೆ ಇಪ್ಪತ್ತೇಳಿದ್ದಾಗ ಒಂದು ಇಡೀ ಮಳೆಗಾಲ ಖಾನಾಪುರದಲ್ಲಿದ್ದೆ. ಥಂಡಿಗೆ ಪೇಟಿಗಳು ಕೆಡುತ್ತವೆ, ಶ್ರಾವಣಕ್ಕೆ ಬೇಕೇ ಬೇಕು, ಹಾಗಾಗಿ ತಾಲೂಕಿನ ಮೇಳಗಳ ಪೇಟಿಗಳನ್ನೆಲ್ಲ ಒಂದೇ ಕಡೆ ಕುಳಿತು ದುರಸ್ತಿ ಮಾಡಿ ಕೊಡುವ ಕೆಲಸ ಸಿಕ್ಕಿತ್ತು. ಉಳಿಯಲು ಹಂಚಿನ ಕಾರಖಾನೆಯ ಬಾಜೂ ಒಂದು ಖೋಲಿ. ಗೋಡೆಯ ಆಚೆ ಒಣ ಹಾಕುವ ಶೆಡ್ಡು. ಮಳೆಗಾಲದಲ್ಲಿ ಬಿಸಿಲಿಲ್ಲದ್ದಕ್ಕೆ ಹಸಿ ಹಂಚನ್ನು ಹಲಗೆಯ ಮೇಲೆ ನೆರಳಲ್ಲೇ ಆರಿಸಬೇಕು, ಹೊತ್ತು ಹೊತ್ತಿಗೆ ಮಗುಚಬೇಕು, ಇಲ್ಲದಿದ್ದರೆ ಡೊಂಕಾಗುತ್ತವೆ. ಮಗುಚುವವರು ಹೆಣ್ಣುಮಕ್ಕಳು. ಒಬ್ಬಳು ಹಾಡುವಳು, ಉಳಿದವರು ಹಂಚು ಇಡುವ ಟಕ್ ಶಬ್ದದಲ್ಲೇ ತಾಳ ಹಾಕುವರು. ಹಾಡುವವಳು ನೀಲವ್ವ. ನನಗಿಂತ ಏಳೆಂಟು ವರ್ಷ ದೊಡ್ಡವಳು.

ಹಾಲು ಕೊಡದ ಎಮ್ಮೆಗೆ ಒಂದು ಹಾಡಿತ್ತು. ಶಾವಿಗೆ ಹೊಸೆಯುವುದಕ್ಕೆ ಒಂದು. ಸಾಲು ಕನ್ನಡದಲ್ಲಿ ಕೇಳಿ ಉತ್ತರ ಮರಾಠಿಯಲ್ಲಿ ಹೇಳುವ, ಇಬ್ಬರು ನೆರೆಮನೆಯವರ ಜಗಳದ ಹಾಡೊಂದಿತ್ತು, ಅದು ಬಂದಾಗ ಶೆಡ್ಡೆಲ್ಲ ನಗುತ್ತಿತ್ತು. ಮಲಪ್ರಭೆಗೆ ಹೇಳುವ ಈ ಹಾಡು ಮಾತ್ರ ಮಳೆ ಜೋರಾದಾಗಲೇ ಬರುತ್ತಿತ್ತು. ಹೊಳೆ ತುಂಬಿದೆ, ಗಂಡನ ಮನೆ ಆಚೆ ದಡದಲ್ಲಿದೆ, ಹೆಣ್ಣುಮಗಳು ಹೊಳೆಗೆ ತುಸು ತಡೆ ಅನ್ನುತ್ತಾಳೆ. ಅಳು ಇಲ್ಲ ಅದರಲ್ಲಿ. ಪಕ್ಕದ ಮನೆಯವಳಿಗೆ ಹೇಳಿದ ಹಾಗೆ ಹೊಳೆಗೆ ಹೇಳುತ್ತಾಳೆ. "ಬಿಸಿ" ಅನ್ನುವಲ್ಲಿ ದನಿ ಒಂದು ಕಡೆ ನಿಲ್ಲುತ್ತಿತ್ತು. ನೀಲವ್ವ ಷಡ್ಜ ಹಿಡಿಯುತ್ತಿದ್ದ ಕರಿ ನಾಲ್ಕರಿಂದ, ಅಂದರೆ ನಾಲ್ಕನೆಯ ಕರಿ ಪಟ್ಟಿಯಿಂದ, ಎಣಿಸಿದರೆ ಅಲ್ಲಿ ಗಾಂಧಾರ ಬರಬೇಕು. ಕೋಮಲ ಗಾಂಧಾರಕ್ಕೆ ಒಂದು ಬಿಳಿ ಪಟ್ಟಿ ಇದೆ, ಶುದ್ಧಕ್ಕೆ ಅದರ ಪಕ್ಕದ ಬಿಳಿ ಪಟ್ಟಿ ಇದೆ, ಆ ಎರಡರ ನಡುವೆ ಕರಿ ಪಟ್ಟಿ ಕೂಡ ಇಲ್ಲ. ನೀಲವ್ವನ ದನಿ ಅಲ್ಲಿ, ಏನೂ ಇಲ್ಲದ ಕಡೆ, ಆರಾಮಾಗಿ ಕುಳಿತುಬಿಡುತ್ತಿತ್ತು. ಕೆಲಸ ಬಿಟ್ಟು ಗೋಡೆಗೆ ಕಿವಿ ಹಚ್ಚಿ ಕೂಡುತ್ತಿದ್ದೆ.

ನೋಟಬುಕ್ಕಿನಲ್ಲಿ ಏಳು ಹಾಡು ಸ್ವರ ಹಾಕಿ ಬರೆದುಕೊಂಡೆ. "ಬಿಸಿ"ಯ ಕೆಳಗೆ ಗ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

ಆ ವರ್ಷದ ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ ಸ್ಪರ್ಧೆ ಆಯಿತು. ಎಲ್ಲ ಮೇಳಗಳಿಗೂ ಪೇಟಿ ನನ್ನದೇ. ಮುಂದಿನ ಸಾಲಿನಲ್ಲಿ ಬೆಳಗಾವಿಯಿಂದ ಬಂದಿದ್ದ ಒಬ್ಬ ಗವಾಯಿ ಕುಳಿತಿದ್ದರು. ಅವರ ಒಂದು ಮಾತಿಗೆ ನನಗೆ ಊರಲ್ಲಿ ಕೆಲಸ ಸಿಗುವುದಿತ್ತು. ನೀಲವ್ವ ಎದ್ದು ಈ ಹಾಡು ಹಾಡಿದಳು. "ಬಿಸಿ" ಬಂದಾಗ ನಾನು ಶುದ್ಧ ಗಾಂಧಾರ ಒತ್ತಿದೆ, ಆಕೆಯ ದನಿಗೂ ಪೇಟಿಗೂ ಕೂಡಲಿಲ್ಲ. ಕೋಮಲ ಒತ್ತಿದೆ, ಅದೂ ಕೂಡಲಿಲ್ಲ. ಗವಾಯಿಗಳು ಹುಬ್ಬು ಗಂಟಿಕ್ಕಿದರು. ನೋಡಿದ್ದು ಆಕೆಯನ್ನಲ್ಲ, ನನ್ನ ಪೇಟಿಯನ್ನು. ತಾಲೂಕಿನ ಪೇಟಿಗಳನ್ನೆಲ್ಲ ಸುರ ಮಾಡಿ ಕೊಟ್ಟವನು ನಾನು. ಈ ಪೇಟಿ ಕೆಟ್ಟಿದೆ ಅಂದರೆ ನನ್ನ ಹೆಸರು ಹೋಯಿತು. ಆ ಒಂದು ಗಳಿಗೆಯಲ್ಲಿ ನಾನು ತಿದಿ ಮುಚ್ಚಿದೆ. ಎಲ್ಲರಿಗೂ ಕೇಳುವಂತೆ ಅಂದೆ, "ಅಕ್ಕಾರ, ಸುರ ಬಿಟ್ಟೈತಿ. ಪೇಟಿ ಸುಳ್ಳ ಹೇಳೂದಿಲ್ಲ. ಕುಂದರ್ರಿ."

ಹಿಂದೆ ಯಾರೋ ನಕ್ಕರು. ನೀಲವ್ವ ಸೆರಗು ಸರಿ ಮಾಡಿಕೊಂಡು ಹೋಗಿ ಕುಳಿತಳು. ಮರುದಿನ ಶೆಡ್ಡಿನಲ್ಲಿ ಹಂಚು ಇಡುವ ಟಕ್ ಟಕ್ ಬಿಟ್ಟರೆ ಏನೂ ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ನಾನು ಗಂಟು ಕಟ್ಟಿಕೊಂಡು ಬೆಳಗಾವಿಗೆ ಬಂದೆ. ಬರುವ ಮೊದಲು ಬ್ಲೇಡಿನಿಂದ ನೋಟಬುಕ್ಕಿನ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಕೆರೆದು ತೆಗೆದಿದ್ದೆ.

ಕಿವಿಗೆ ತಿಳಿಯದೆ ಮಾಡಿದ ತಪ್ಪಲ್ಲ ಅದು. ನನಗೆ ಆ ಸುರ ಸರಿಯೆಂದು ಗೊತ್ತಿತ್ತು. ನೋಟಬುಕ್ ಬೆಳಕಿಗೆ ಹಿಡಿದರೆ ಕೆರೆದ ಕಡೆ ಹಾಳೆ ತೆಳ್ಳಗಾಗಿರುವುದು ಈಗಲೂ ಕಾಣುತ್ತದೆ. ಮುಂದೆ ಆ ಏಳು ಧಾಟಿಗಳಿಗೇ ಬೇರೆ ಬೇರೆ ಪದ ಕೂಡಿಸಿ ಹೆಸರು ಮಾಡಿದೆ. "ಬಿಸಿ"ಯ ಜಾಗದಲ್ಲಿ ಯಾವಾಗಲೂ ಶುದ್ಧ ಗಾಂಧಾರವೇ ಒತ್ತಿದೆ. ಮಂದಿ ವಾಹ್ ಅಂದಾಗಲೆಲ್ಲ ಅಲ್ಲೊಂದು ಚೂರು ಕಡಿಮೆಯಾದದ್ದು ನನಗೆ ಮಾತ್ರ ಗೊತ್ತಿರುತ್ತಿತ್ತು.

ಆಷಾಢ ಮುಗಿಯುವ ಹೊತ್ತಿಗೆ ಖಾನಾಪುರಕ್ಕೆ ಹೊರಟೆ. ಶಾಂತಾಗೆ ಎಲ್ಲ ಹೇಳಿದ್ದೆ. ಮದುವೆಯಾಗಿ ನಲವತ್ತು ವರ್ಷಕ್ಕೆ ಮೊದಲ ಸಲ. ಅವಳು ಒಂದು ಡಬ್ಬಿ ಕುಂದಾ ತಂದು ಚೀಲದಲ್ಲಿಟ್ಟಳು. "ಬರಿಗೈಲೆ ಹೋಗಬ್ಯಾಡ್ರಿ. ಹೋಗಿ ಮದಲ ಕಾಲ ಬೀಳ್ರಿ. ಆಮ್ಯಾಲ ರಿಪೇರಿ."

ಬಸ್ಸಿನಲ್ಲಿ ಖಾನಾಪುರ, ಅಲ್ಲಿಂದ ಟಂಟಂನಲ್ಲಿ ಹಳ್ಳಿ. ದಾರಿಯ ಎರಡೂ ಬದಿ ಗದ್ದೆಯಲ್ಲಿ ನಾಟಿ ನಡೆದಿತ್ತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಗ್ಗಿದ ಬೆನ್ನುಗಳ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಸೇತುವೆಯ ಕೆಳಗೆ ಮಲಪ್ರಭೆ ಕೆಂಪಾಗಿ ಓಡುತ್ತಿದ್ದಳು. ಕಾಲಿನ ನಡುವೆ ಹತ್ಯಾರದ ಪೆಟ್ಟಿಗೆ ಇಟ್ಟುಕೊಂಡು ನಾನು ಒಂದೇ ಮಾತನ್ನು ಹತ್ತಾರು ಸಲ ಬಾಯಿಪಾಠ ಮಾಡುತ್ತಿದ್ದೆ.

ಭಾರತಿಯ ಅತ್ತೆ ನೀಲವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ದಪ್ಪ ಕನ್ನಡಕ, ಎಪ್ಪತ್ತೆಂಟರ ಹತ್ತಿರ. ಪಕ್ಕದಲ್ಲಿ ನೆರೆಮನೆಯ ಇಂದುಬಾಯಿ, ಮರಾಠಿ ಮಾತಿನ ಮನೆಯವಳು, ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಭಾರತಿ ಚಹಾಕ್ಕಿಟ್ಟಳು. ನಾನು ಬಾಯಿಪಾಠ ಮಾಡಿದ್ದು ಮರೆತು, ಬಾಗಿ, ಕಾಲು ಮುಟ್ಟಿದೆ.

"ಅಕ್ಕಾರ, ಆವತ್ತ ಮಂದ್ಯಾಗ ನಿಮ್ಮನ್ನ ಕುಂದರ್ರಿ ಅಂದಾಂವ ನಾನ."

ಭಾರತಿಯ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ನೀಲವ್ವ ಮೊರ ಕೇರುವುದನ್ನು ನಿಲ್ಲಿಸಲಿಲ್ಲ.

"ಗೊತ್ತಾತು. ಹೊಸಲ ದಾಟುವಾಗನ ಗೊತ್ತಾತು. ಪೇಟಿ ಎತ್ತೂ ಮಂದಿ ಒಂದ ಹೆಗಲಾ ಮ್ಯಾಲ ಮಾಡಿ ನಡೀತಾರ." ಒಂದು ಹರಳು ಆರಿಸಿ ಎಸೆದಳು. "ಏನ ತಂದೀರಿ?"

"ಕುಂದಾ."

"ಚಲೋ ಆತು. ಹಲ್ಲ ಹೋದಮ್ಯಾಲೆ ತಂದೀರಿ, ಕುಂದಾನಾದ್ರೂ ತಂದೀರಿ."

ಇಂದುಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಹತ್ಯಾರದ ಪೆಟ್ಟಿಗೆ ತೆರೆದು, ಪೇಟಿ ಬಿಚ್ಚಿ, ಆ ಬಿಳಿ ಪಟ್ಟಿಯ ರೀಡು ಹೊರಗೆ ತೆಗೆದೆ. "ಅಕ್ಕಾರ, ಒಂದ ಸಲ ಹಾಡ್ರಿ. ನೀವು ನಿಂದ್ರೂ ಕಡೆ ಪೇಟಿ ತಂದು ನಿಂದ್ರಸ್ತೀನಿ. ನೀವು ಹಾಡದ ನನಗ ಜಾಗಾ ಸಿಗೂದಿಲ್ಲ."

"ಆವಾಗ ಹಾಡಬ್ಯಾಡ ಅಂದ್ರಿ, ಈಗ ಹಾಡ ಅಂತೀರಿ. ನಿಮ್ಮ ಮಾತಿನ ಮ್ಯಾಲ ನನ್ನ ಬಾಯಿ ನಡಸ್ಬೇಕೇನು?" ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. "ನೀವು ಪೇಟಿ ಸುಳ್ಳ ಹೇಳೂದಿಲ್ಲ ಅಂದಿದ್ರಿ. ಪೇಟಿಗೇನು, ಅದಕ್ಕ ಕಿವಿ ಇಲ್ಲ. ನಿಮಗಿತ್ತು. ಗ್ವಾಡಿ ಆಚೆ ಕುಂತು ಕೇಳತಿದ್ರಿ ಅಂತ ನಮಗೆಲ್ಲ ಗೊತ್ತಿತ್ತು. ಮಳಿ ಜೋರ ಬಂದ್ರ ನಿಮ್ಮ ಕಾನಸಿನ ಸಪ್ಪಳ ನಿಂದರ್ತಿತ್ತು. ಕೇಳಾಂವ ಒಬ್ಬ ಅದಾನ ಅಂತ ನಾ ಇನ್ನೀಟು ಚಲೋ ಹಾಡತಿದ್ದೆ. ಆ ಒಬ್ಬಾಂವನ ಕುಂದರ್ರಿ ಅಂದ."

ಇದು ನನಗೆ ಗೊತ್ತಿರಲಿಲ್ಲ. ನಾನು ಕದ್ದು ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆಕೆ ನನಗಾಗಿಯೇ ಹಾಡುತ್ತಿದ್ದಳು. ಕೈಯಲ್ಲಿದ್ದ ರೀಡು ಒದ್ದೆಯಾಯಿತು. ಹಂಚಿನಿಂದ ಹನಿ ಬಿದ್ದಿರಬೇಕು ಎಂದು ಬರೆಯಬಹುದಿತ್ತು. ಅದು ಮಳೆ ನೀರಲ್ಲ.

ನೀಲವ್ವ ಮೊರ ಕೆಳಗಿಟ್ಟಳು. "ಒಂದ ಕೆಲಸಾ ಮಾಡ್ರಿ. ಮದಲ ನೀವು ಹಾಡ್ರಿ. ಪೇಟಿ ಇಲ್ಲದ. ಇಲ್ಲೇ, ನಮ್ಮ ಮುಂದ."

ಪೇಟಿಯವರು ಹಾಡುವವರಲ್ಲ. ನನ್ನ ಗಂಟಲು ಹೇಗಿದೆ ಅನ್ನುವುದು ಶಾಂತಾಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಳೆಗೆ ನಾಟಿ ಬಿಟ್ಟು ಬಂದ ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ನಿಂತಿದ್ದರು. ನಾನು ಕೆಮ್ಮಿ, ಹಾಡಿದೆ. ತುಸು ತಡಿ ಮಲಪ್ರಭಿ. ಎರಡನೆಯ ಸಾಲಿಗೆ ದನಿ ಒಡೆಯಿತು.

"ಮಾಸ್ತರ, ನಿಮ್ಮ ಗಂಟಲಕ್ಕೂ ಇಲಿ ಹೊಕ್ಕಾವೇನ್ರಿ?" ಅಂದಳು ಇಂದುಬಾಯಿ. ಕಟ್ಟೆ ತುಂಬ ನಗು.

"ನಗಬ್ಯಾಡ್ರಿ. ಇನ್ನೊಮ್ಮೆ," ಅಂದಳು ನೀಲವ್ವ.

ಇನ್ನೊಮ್ಮೆ ಹಾಡಿದೆ. ನಲವತ್ತಮೂರು ವರ್ಷ ಪೇಟಿಯ ಮೇಲೆ ಒತ್ತಿ ಒತ್ತಿ ನನ್ನ ಗಂಟಲೂ ಶುದ್ಧ ಗಾಂಧಾರಕ್ಕೇ ಹೋಗಿ ನಿಂತಿತು. ನೀಲವ್ವ ಮುಖ ಕಿವುಚಿದಳು. ಮೂರನೆಯ ಸಲವೂ ಅಲ್ಲಿಗೇ ಹೋದೆ. ಆಕೆಗೆ ತಡೆಯಲಾಗಲಿಲ್ಲ.

"ಅಲ್ಲೋ ಮಾರಾಯಾ, ಅಷ್ಟ ಮ್ಯಾಲ ಯಾಕ ಹತ್ತತಿ? ಬುತ್ತಿ ಕೈಯಾಗೈತಿ, ಕೈ ಎಲ್ಲೈತಿ? ಎದಿ ಹತ್ರ ಐತಿ. ಹಂಗ ಹಿಡೀಬೇಕು. ನೋಡಿಲ್ಲೆ."

ಮತ್ತು ಹಾಡಿದಳು.

ದನಿ ಮೊದಲಿನಂತಿರಲಿಲ್ಲ. ತುದಿಯಲ್ಲಿ ನಡುಗುತ್ತಿತ್ತು. ಆದರೆ "ಬಿಸಿ" ಬಂದಾಗ ಆ ಎರಡು ಬಿಳಿ ಪಟ್ಟಿಗಳ ನಡುವೆ, ಏನೂ ಇಲ್ಲದ ಆ ಜಾಗದಲ್ಲಿ, ಹೋಗಿ ಮೊದಲಿನಷ್ಟೇ ಆರಾಮಾಗಿ ಕುಳಿತಿತು. ಭಾರತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಹಂಗ ಹಿಡದ ಇರ್ರಿ ಅಕ್ಕಾರ," ಅಂದೆ. ಕಾನಸು ತೆಗೆದೆ.

ಎರಡು ಸುರ ಹತ್ತಿರ ಬಂದು ಕೂಡದಿದ್ದಾಗ ನಡುವೆ ಗುಂಯ್ ಗುಂಯ್ ಎಂಬ ನಡುಕ ಹುಟ್ಟುತ್ತದೆ. ಕೂಡಿದಾಗ ನಡುಕ ನಿಲ್ಲುತ್ತದೆ. ನಾನು ಬುಡ ತಿಕ್ಕುವುದು, ಕೂಡಿಸುವುದು, ತಿದಿ ಹಾಕುವುದು, ಆಕೆ ಹಾಡುವುದು. ನಾಲಿಗೆ ಮೊದಲೇ ಭಾರತಿ ತಿಕ್ಕಿ, ನಾನು ತಿಕ್ಕಿ, ತೆಳ್ಳಗಾಗಿತ್ತು. ಕೈ ಒಂದು ಸಲ ಜಾರಿದರೆ ಮುರಿಯುತ್ತದೆ. ಹದಿನೇಳು ಸಲ ಹಾಡಿಸಿದೆ. ಪ್ರತಿ ಸಲ ಗುಂಯ್ ಗುಂಯ್ ನಿಧಾನವಾಗುತ್ತ ಬಂತು. ಹದಿನೇಳನೆಯ ಸಲ ಪಟ್ಟಿ ಒತ್ತಿದೆ, ಪೇಟಿಯ ದನಿ ಕೇಳಲಿಲ್ಲ. ಒತ್ತಿದ್ದೇನೋ ಇಲ್ಲವೋ ಎಂದು ಬೆರಳು ನೋಡಿಕೊಂಡೆ. ಒತ್ತಿದ್ದೆ. ಅದು ನೀಲವ್ವನ ದನಿಯೊಳಗೆ ಹೋಗಿತ್ತು.

ಇಂದುಬಾಯಿ ತನಗೇ ಎಂಬಂತೆ "ಮಿಳಾಲಂ" ಅಂದಳು. ಸಿಕ್ಕಿತು ಅಂತ.

ಆಮೇಲೆ ನೋಟಬುಕ್ ತೆಗೆದು ಏಳೂ ಹಾಡು ಓದಿದೆ. ನೀಲವ್ವ ಮೂರು ಕಡೆ ತಿದ್ದಿದಳು. ಮುಗಿದ ಮೇಲೆ "ಏಳ ಅಷ್ಟೇನು?" ಅಂದಳು. "ಹಂಚು ಮಗುಚೂ ಹಾಡಷ್ಟ ನಿಮಗ ಕೇಳ್ಯಾವ. ಮನ್ಯಾಗ ಹಾಡೂವು ಬ್ಯಾರೆ ಅದಾವ. ಗ್ವಾಡಿ ಆಚೆ ಕುಂತಾಂವಗ ಅವು ಹ್ಯಾಂಗ ಸಿಗಬೇಕು? ಒಳಗ ಬರಬೇಕಿತ್ತು."

ಸ್ಪರ್ಧೆ ಈಗ ಇಲ್ಲ. ಶ್ರಾವಣದ ಕಡೆಯ ಸೋಮವಾರ ಮೇಳಗಳು ಕೂಡುತ್ತವೆ, ಹಾಡುತ್ತವೆ, ಊಟ ಮಾಡಿ ಹೋಗುತ್ತವೆ. ಪಡಸಾಲೆ ಅದೇ. ಮೇಲೆ ಹಂಚಿನ ಬದಲು ಸ್ಲ್ಯಾಬು ಬಂದಿದೆ. ಅಂದು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಶಾಂತಾಳನ್ನೂ ಕರೆದುಕೊಂಡು ಹೋಗಿದ್ದೆ. ಭಾರತಿ ತನ್ನ ಪೇಟಿಯನ್ನು ನನ್ನ ಮುಂದೆ ತಳ್ಳಿದಳು. "ಇವತ್ತ ನೀವ ಬಾರಿಸ್ರಿ. ಶುರು ನೀವ ಮಾಡಿದ್ದು."

ನೀಲವ್ವ ಎದ್ದು ನಿಂತಳು. ನಾನು ತಿದಿ ಹಾಕುವ ಮೊದಲು ಎದ್ದೆ. ಮಾತಾಡುವ ಅಭ್ಯಾಸ ನನಗಿಲ್ಲ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದೆ. ನಲವತ್ತಮೂರು ವರ್ಷದ ಹಿಂದೆ ಇದೇ ಕಂಬದ ಹತ್ತಿರ ಈ ತಾಯಿಗೆ ಸುರ ಬಿಟ್ಟಿದೆ ಅಂದೆ. ಸುರ ಬಿಟ್ಟಿರಲಿಲ್ಲ. ನನ್ನ ಹೆಸರು ಉಳಿಸಿಕೊಳ್ಳಲು ಅಂದೆ. ನನ್ನ ಚಾಲಿ ಎಂದು ನೀವು ಹೊಗಳಿದ ಏಳೂ ಇವರವು. ಗುರುಗಳ ಪ್ರಸಾದ ಅನ್ನುತ್ತಿದ್ದೆ. ಆ ಗುರು ಇವರು.

ನೀಲವ್ವನೇ ಹಗುರ ಮಾಡಿದಳು. "ಕುಂದರ್ರಿ ಮಾಸ್ತರ," ಅಂದಳು.

ಅದೇ ಮಾತು. ಜನ ನಕ್ಕರು, ನಾನೂ ನಕ್ಕು ಕುಳಿತೆ.

ಆಕೆ ಹಾಡಿದಳು. ಮೊದಲ ಸಾಲಿಗೆ ಭಾರತಿಯ ಮೇಳದ ಹೆಣ್ಣುಮಕ್ಕಳು ತಾಳ ಹಾಕಿದರು, ಚಪ್ಪಾಳೆಯಲ್ಲ, ಎರಡು ಹಂಚಿನ ತುಂಡು ಟಕ್ ಟಕ್ ಕುಟ್ಟಿ. ಇಂದುಬಾಯಿಯ ಉಪಾಯ ಅದು. "ಬಿಸಿ" ಬಂತು. ಪಟ್ಟಿ ಒತ್ತಿದೆ. ದನಿ, ಪೇಟಿ ಎರಡೂ ಒಂದಾಗಿ ಆ ಕಡೆಯಿಂದ ಈ ಕಡೆಗೆ ಪಡಸಾಲೆ ದಾಟಿದವು. ಎಲ್ಲಿಂದಲೋ ಒಂದು "ಆಹಾ" ಬಂತು. ಎರಡನೆಯ ಸಲಕ್ಕೆ ಮುಂದಿನ ಸಾಲು ಕೂಡಿಕೊಂಡಿತು, ಮೂರನೆಯದಕ್ಕೆ ಹಿಂದಿನದೂ. ಮರಾಠಿ ಮೇಳದವರು ಮಾತು ಬಾರದಿದ್ದರೂ "ತುಸು ತಡಿ" ಅಂದರು. ಹಾಡು ಮುಗಿಯಿತು ಅಂದರೆ ಯಾರೂ ಬಿಡಲಿಲ್ಲ. ಎಮ್ಮೆಯ ಹಾಡು ಬಂತು, ಶಾವಿಗೆಯದು ಬಂತು. ಇಬ್ಬರು ನೆರೆಯವರ ಜಗಳದ ಹಾಡಿನಲ್ಲಿ ಕನ್ನಡದ ಸಾಲು ನೀಲವ್ವ, ಮರಾಠಿಯ ಉತ್ತರ ಇಂದುಬಾಯಿ ಹಾಡಿ ಊಟದ ಹೊತ್ತು ಮೀರಿಸಿದರು. ಹೆಣ್ಣುಮಕ್ಕಳ ಸಾಲಿನಲ್ಲಿ ಶಾಂತಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ನಾನು ಬಾರಿಸುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಬೆರಳಿನ ಕೆಳಗೆ ಏನೂ ಕಡಿಮೆ ಬೀಳಲಿಲ್ಲ.

ಪಂಕ್ತಿ ಎದ್ದ ಮೇಲೆ ಇನ್ನೊಂದು ಮೇಳದ ಪೇಟಿಯವರು, ಐವತ್ತು ದಾಟಿದವರು, ಬಂದು ಕುತೂಹಲಕ್ಕೆ ನಮ್ಮ ಪೇಟಿಯ ಪಟ್ಟಿಗಳನ್ನು ಒಂದೊಂದೇ ಒತ್ತಿದರು. ಆ ಬಿಳಿಯದಕ್ಕೆ ಬಂದು ಹುಬ್ಬು ಗಂಟಿಕ್ಕಿದರು. "ಮಾಸ್ತರ, ಇದು ಸುರ ಬಿಟ್ಟೈತಲ್ರಿ."

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಹಿಂದಿನಿಂದ ಅಂದಳು, "ಬಿಟ್ಟಿಲ್ಲಪಾ. ಈಗ ಹಿಡದೈತಿ."

ಆಮೇಲೆ ನಾನು ಆಕೆಯ ಮನೆಗೆ ಹೋಗುತ್ತಲೇ ಇದ್ದೇನೆ. ಗೋಡೆಯ ಆಚೆಯಲ್ಲ, ಒಳಗೆ, ಒಲೆಯ ಹತ್ತಿರ ಕೂಡುತ್ತೇನೆ. ನೋಟಬುಕ್ಕಿನಲ್ಲಿ ಈಗ ಹತ್ತೊಂಬತ್ತು ಹಾಡಿವೆ. ಮೊದಲ ಪುಟದ ಮೇಲೆ ಆಕೆಯ ಹೆಸರಿದೆ. ಯಾರ ಹಾಡು ಕೇಳಿ ಬೆಳೆದಿರಿ ಎಂದು ಕೇಳಿದವರಿಗೆ ಹೆಸರು, ಊರು, ದಾರಿ ಎಲ್ಲ ಹೇಳುತ್ತೇನೆ.

ಮೊನ್ನೆ ಮುಚ್ಚಳ ತೆಗೆದದ್ದು ಅದಕ್ಕೇ. ನಾನು ಜೀವನಪೂರ್ತಿ ಬಾರಿಸಿದ ನನ್ನ ಪೇಟಿಯಲ್ಲಿ ಆ ಬಿಳಿ ಪಟ್ಟಿ ಇನ್ನೂ ಹಳೇ ಜಾಗದಲ್ಲೇ ನಿಂತಿತ್ತು. ರೀಡು ತೆಗೆದು ಬುಡಕ್ಕೆ ಕಾನಸು ಇಟ್ಟೆ. ಈ ಸಲ ಯಾರನ್ನೂ ಹಾಡಿಸುವುದು ಬೇಕಾಗಲಿಲ್ಲ, ಕಿವಿಯಲ್ಲಿತ್ತು. ಕೂಡಿಸಿ, ತಿದಿ ಹಾಕಿ, ಕರಿ ನಾಲ್ಕು ಒತ್ತಿ ಹಿಡಿದು, ಇದನ್ನು ಒತ್ತಿದೆ.

ಅಡಿಗೆ ಮನೆಯಿಂದ ಶಾಂತಾ ಕೇಳಿದಳು, "ಚಲೋ ಇದ್ದ ಪೇಟಿ ಕೆಡಿಸಿದ್ರೇನು?"

"ಹೂಂ," ಅಂದೆ.

"ಮತ್ತೊಮ್ಮೆ ಬಾರಿಸ್ರಿ ನೋಡೂಣು," ಅಂದಳು.